ಗಂಗಕ್ಕನ ಹಾಲಿನ ಡಿಗ್ರಿ

ದೊಡ್ಡಗಂಗಮ್ಮ ಹಾಲಿನ ಚೀಟಿ ತೆಗೆದುಕೊಳ್ಳುವಾಗ ನಕ್ಕಳೋ ಇಲ್ಲವೋ ಎನ್ನುವುದು ಡೈರಿ ಸೆಕ್ರೆಟರಿ ಕದಿರೇಶನಿಗೆ ಖಚಿತವಾಗಲಿಲ್ಲ. ಬೆಳಿಗ್ಗೆ ಆರೂವರೆ. ಡೈರಿಯ ಕಿಟಕಿಯಾಚೆ ಇನ್ನೂ ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು. ಹಾಲು ಅಳೆಯುವ ಮಿಷನ್ನು ತನ್ನ ಪಾಡಿಗೆ ತಾನು ಗುಂಯ್ ಅನ್ನುತ್ತಿತ್ತು. ಅವಳು ಎಂದಿನಂತೆ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಎಂದಿನಂತೆ ಸೆರಗು ಬಿಗಿದುಕೊಂಡು, "ಗಟ್ಟಿಯಾಗಿ ಓದಪ್ಪಾ" ಅಂದಿದ್ದಳು. ಅವನು ಓದಿದ್ದ. "ಏಳು ಲೀಟರು ಇನ್ನೂರು. ಫ್ಯಾಟು ಮೂರು ಎಂಟು. ಡಿಗ್ರಿ ಇಪ್ಪತ್ತೆಂಟೂವರೆ." "ಇನ್ನೊಂದ್ಸಲ ಡಿಗ್ರಿ ಹೇಳು." "ಇಪ್ಪತ್ತೆಂಟೂವರೆ ಗಂಗಕ್ಕಾ." ಆಗಲೇ ಅವಳ ತುಟಿಯ ಎಡತುದಿ ಸ್ವಲ್ಪ ಮೇಲಕ್ಕೆ ಹೋದಂತೆ ಅವನಿಗೆ ಕಂಡದ್ದು. ಊರಿನ ನೂರಾ ಹದಿನಾಲ್ಕು ಮೆಂಬರುಗಳಲ್ಲಿ ಬೇರೆ ಯಾರೂ ಚೀಟಿ ಓದಿಸುವುದಿಲ್ಲ. ಕಣ್ಣಾಡಿಸಿ ಜೇಬಿಗೋ ಎಲೆ ಅಡಿಕೆ ಚೀಲಕ್ಕೋ ತುರುಕಿಕೊಂಡು ಹೋಗುತ್ತಾರೆ. ಇವಳಿಗೆ ಓದಲು ಬರುವುದಿಲ್ಲ ನಿಜ, ಆದರೆ ಓದಲು ಬಾರದವರು ಮೆಂಬರುಗಳಲ್ಲಿ ಇನ್ನೂ ಮೂವತ್ತು ಜನರಿದ್ದಾರೆ. ದಿನಕ್ಕೆ ಎರಡು ಸಲ, ಬೆಳಗಿನ ಹಾಲಿಗೊಮ್ಮೆ ಸಂಜೆ ಹಾಲಿಗೊಮ್ಮೆ, ಹತ್ತು ವರ್ಷದಿಂದ ಅವನು ಅವಳೊಬ್ಬಳಿಗಾಗಿ ಸಾಲೆಲ್ಲ ಕೇಳುವಂತೆ ಓದುತ್ತ ಬಂದಿದ್ದ. ಓದುವಾಗಲೆಲ್ಲ ಅವಳ ಮುಖ ನೋಡುತ್ತ ಬಂದಿದ್ದ. ಇವಳಿಗೆ ಗೊತ್ತು. ಇಲ್ಲ, ಗೊತ್ತಿರಲಾರದು. ಗೊತ್ತಿಲ್ಲದಿದ್ದರೆ ಹೀಗೆ ದಿನಾ ಬಂದು ಯಾಕೆ ಚುಚ್ಚುತ್ತಾಳೆ? ಗೊತ್ತಿದ್ದರೆ ಒಂದು ದಿನವಾದರೂ ಬಾಯಿ ಬಿಟ್ಟು ಯಾಕೆ ಬೈಯುವುದಿಲ್ಲ?

ಕ್ಯಾನುಗಳನ್ನು ಹಾಲಿನ ಗಾಡಿಗೆ ಏರಿಸಿ, ನೆಲ ತೊಳೆಸಿ, ಮನೆಗೆ ತಿಂಡಿಗೆ ಹೋದರೆ ಹೆಂಡತಿ ರಜನಿ ಬೇಗ ಬೇಗ ಅಡಿಗೆ ಮುಗಿಸುತ್ತಿದ್ದಳು. ಗುರುವಾರ ಅಂದರೆ ಈಚೆಗೆ ಹೀಗೇ. ಹನ್ನೊಂದಕ್ಕೆಲ್ಲ ಡೈರಿ ಹಿಂದಿನ ಹಾಲ್‌ನಲ್ಲಿ ಹೆಂಗಸರು ಸೇರುತ್ತಾರೆ. ಸೇರಿಸುವವಳು ಶಾಮಲಮ್ಮ. ಕೋಲಾರದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದ ಕ್ರೈಸ್ತ ಹೆಂಗಸು. ವಕ್ಕಲೇರಿಯಿಂದ ಮೂರು ಕಿಲೋಮೀಟರು ದೂರದ ಈ ಊರಿಗೆ ಕಳೆದ ವರ್ಷ ಬಂದು, ಊರ ಕೊನೆಯಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದಳು. ಬಂದ ಹೊಸದರಲ್ಲಿ ಯಾರಿಗೋ ಬೀಪಿ ನೋಡಿದಳು, ಯಾರದೋ ಸೊಂಟಕ್ಕೆ ಎಣ್ಣೆ ಹಚ್ಚುವುದು ಹೇಗೆಂದು ತೋರಿಸಿದಳು. ಹಾಗೆ ಶುರುವಾದದ್ದು ಈಗ ಇಪ್ಪತ್ತು ಜನರ ಕೂಟವಾಗಿದೆ. ಅರ್ಧ ಗಂಟೆ ಬೆನ್ನು, ಮಂಡಿಯ ವ್ಯಾಯಾಮ. ಆಮೇಲೆ ಅವಳ ಪುಸ್ತಕದಿಂದ ಒಂದು ಕಥೆ. ಆಮೇಲೆ ಹೆಂಗಸರ ಮಾತು. ಆ ಮಾತು ಏನು ಅಂತ ರಜನಿ ಹೇಳುವುದಿಲ್ಲ. "ಏನ್ ಮಾತಾಡ್ತೀರ ಅಲ್ಲಿ?" ಅಂತ ಅವನು ಹೋದ ವಾರ ಕೇಳಿದ್ದಕ್ಕೆ "ನಮ್ ನಮ್ಮ ಕಷ್ಟ" ಅಂದಿದ್ದಳು. ಕಷ್ಟ ಹೇಳಿಕೊಳ್ಳುವುದಕ್ಕೆ ಗಂಡನಿಲ್ಲವೇ? ಉಪ್ಪಿಟ್ಟಿನ ತಟ್ಟೆ ಅವನ ಮುಂದಿಟ್ಟಾಗ ಅವಳ ಕೈಯಲ್ಲಿ ಯಾವುದೋ ಎಣ್ಣೆಯ ವಾಸನೆ ಇತ್ತು, ಅವನಿಗೆ ಪರಿಚಯವಿಲ್ಲದ್ದು.

ಹಾಲ್‌ನ ಬೀಗದ ಕೈ ಇರುವುದು ಕದಿರೇಶನ ಹತ್ತಿರ. ಕೊಡು ಅಂದವನು ಡೈರಿಯ ಅಧ್ಯಕ್ಷ ಕೋದಂಡರಾಮಪ್ಪ. ಕೊಡು ಅಂದಮೇಲೆ, ಮೂಲೆಗೆ ಕರೆದು, "ಲೇ ಕದಿರೇಶ, ಒಂದ್ ಕಿವಿ ಆ ಕಡೆ ಇಟ್ಟಿರು. ಆಯಮ್ಮ ಏನ್ ತಲೆಗೆ ತುಂಬ್ತಾಳೋ, ಯಾರನ್ನ ಎಲ್ಲಿಗೆ ಕರ್ಕೊಂಡ್ ಹೋಗ್ತಾಳೋ, ನಮಗೂ ಗೊತ್ತಿರ್ಬೇಕು" ಅಂದಿದ್ದ. ಹೀಗಾಗಿ ಪ್ರತಿ ಗುರುವಾರ ಅವನು ಮುಂದಿನ ಕೋಣೆಯಲ್ಲಿ ರಿಜಿಸ್ಟರು ತೆರೆದು ಕೂರುತ್ತಿದ್ದ. ಎರಡೂ ಕೋಣೆಗಳ ನಡುವಿನ ಗೋಡೆಯಲ್ಲಿ, ಆಳೆತ್ತರದಲ್ಲಿ, ಹಳೆಯ ಕಾಲದ ಒಂದು ಜಾಲಂದ್ರ ಇತ್ತು. ಮುಖಗಳು ಕಾಣುತ್ತಿರಲಿಲ್ಲ, ಮಾತು ಕೇಳುತ್ತಿತ್ತು. ಐದು ವಾರ ಕೇಳಿದ. ನಮ್ಮ ಮತಕ್ಕೆ ಸೇರಿ ಅನ್ನುವ ಮಾತು ಬರುತ್ತದೆಂದು ಕಾದ, ಬರಲಿಲ್ಲ. ಬರದೇ ಇದ್ದದ್ದರಿಂದ ಅವನ ಅನುಮಾನ ಇನ್ನೂ ಬಲವಾಯಿತು. ಏನನ್ನೂ ಕೇಳದೆ ಯಾರಾದರೂ ಇನ್ನೊಬ್ಬರ ಬೆನ್ನು ನೀವುತ್ತಾರೆಯೇ? ಆರನೆಯ ವಾರ ದೊಡ್ಡಗಂಗಮ್ಮನೂ ಬರತೊಡಗಿದಳೆಂದು ತಿಳಿದಾಗ, ತಾನು ಅಧ್ಯಕ್ಷನಿಗಾಗಿ ಕೇಳುತ್ತಿಲ್ಲ, ತನಗಾಗಿ ಕೇಳುತ್ತಿದ್ದೇನೆ ಎಂಬುದು ಅವನಿಗೇ ಸ್ಪಷ್ಟವಾಯಿತು. ಅವಳು ಅಲ್ಲಿ ಹೇಳುತ್ತಾಳೆ. ರಜನಿಯ ಎದುರೇ ಹೇಳುತ್ತಾಳೆ. ಅಥವಾ ಆಗಲೇ ಹೇಳಿಯಾಗಿದೆ. ಹೇಳಿದ್ದರಿಂದಲೇ ಇವತ್ತು ನಕ್ಕದ್ದು.

ಹೇಳುವುದಾದರೂ ಏನನ್ನು? ಹನ್ನೊಂದು ವರ್ಷದ ಹಿಂದಿನ ಆ ಸಂಜೆ ಡೈರಿಯಲ್ಲಿ ಇದ್ದದ್ದು ಅವನೊಬ್ಬನೇ. ಸೆಕ್ರೆಟರಿಯಾಗಿ ಆರು ತಿಂಗಳಾಗಿತ್ತು. ತನ್ನ ತಮ್ಮನ ಮಗನಿಗೆ ಆ ಕೆಲಸ ಕೊಡಿಸಬೇಕೆಂದಿದ್ದ ಕೋದಂಡರಾಮಪ್ಪ, ಇವನು ಎಲ್ಲಿ ಎಡವುತ್ತಾನೆಂದು ಕಾಯುತ್ತಿದ್ದ. ಒದ್ದೆ ನೆಲದಲ್ಲಿ ಕಾಲು ಜಾರಿತು, ಕೈಯಲ್ಲಿದ್ದ ಕ್ಯಾನು ವಾಲಿತು, ಎಂಟು ಹತ್ತು ಲೀಟರು ಹಾಲು ಬಾಗಿಲವರೆಗೆ ಬೆಳ್ಳಗೆ ಹರಿಯಿತು. ಹಾಲಿನ ಗಾಡಿ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಅಳತೆ ಕಮ್ಮಿಯಾದರೆ ಸೆಕ್ರೆಟರಿ ಹಾಲು ಕದ್ದ ಅನ್ನುತ್ತಾರೆ. ಅವನು ತೊಟ್ಟಿಯಿಂದ ಒಂದು ಬಕೆಟ್ಟು ನೀರು ಎತ್ತಿ ಸುರಿದ. ಅಷ್ಟೇ. ಯೋಚಿಸಿ ಮಾಡಿದ್ದಲ್ಲ; ಕೈ ಮಾಡಿತು, ಅವನು ನೋಡಿದ. ಮಾರನೆಯ ಬೆಳಿಗ್ಗೆ ಕ್ಯಾನು ವಾಪಸು ಬಂತು, ಅದರ ಹಿಂದೆಯೇ ಹಾಲು ಒಕ್ಕೂಟದ ಸೂಪರ್‌ವೈಸರ್ ಬಂದ. "ಯಾರ್ರೀ ನೀರು ಹಾಕಿದ್ದು, ಹೆಸರು ಹೇಳಿ" ಅಂತ ಮೇಜಿನ ಹಿಂದೆ ಕೂತು ಪೆನ್ನು ತೆಗೆದ. ಸಾಲಿನಲ್ಲಿ ಮುಂದೆ ನಿಂತಿದ್ದವಳು ದೊಡ್ಡಗಂಗಮ್ಮ. ಗಂಡ ಸತ್ತು ಎರಡು ವರ್ಷವಾಗಿತ್ತು. ಒಡಹುಟ್ಟಿದವನೊಬ್ಬ ದೂರದ ಬೈರಕೂರಿನಲ್ಲಿದ್ದ. ಅವಳ ಪರವಾಗಿ ಕೇಳಲು ಊರಿನಲ್ಲಿ ಗಂಡುದಿಕ್ಕಿಲ್ಲ ಎಂಬುದನ್ನು ಅವನು ಅಂದು ಲೆಕ್ಕ ಹಾಕಿದನೇ? ಹಾಕಿರಲಿಲ್ಲ ಅಂತ ಹನ್ನೊಂದು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದ. ಆಗ ಮಿಷನ್ನು ಇರಲಿಲ್ಲ, ಗಾಜಿನ ಲ್ಯಾಕ್ಟೋಮೀಟರ್ ಇತ್ತು; ಹಾಲಿಗೆ ನೀರು ಬೆರೆತಷ್ಟೂ ಅದರಲ್ಲಿ ಡಿಗ್ರಿ ಇಳಿಯುತ್ತಿತ್ತು. ಅವಳ ಹಾಲಿನಲ್ಲಿ ಅದನ್ನು ಇಳಿಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಇಪ್ಪತ್ತೆಂಟು ಇತ್ತು. ಗೆರೆ ಸ್ಪಷ್ಟವಾಗಿತ್ತು. ಸೂಪರ್‌ವೈಸರ್ ತಲೆ ಎತ್ತದೆ "ಎಷ್ಟು?" ಅಂದ. ಕದಿರೇಶ "ಇಪ್ಪತ್ತೆರಡು" ಅಂದ. ಕೋದಂಡರಾಮಪ್ಪ ಎದ್ದು ಬಂದು ಅವಳ ಪಾತ್ರೆಯನ್ನು ಎತ್ತಿ, ಎಲ್ಲರ ಎದುರಿಗೆ ಚರಂಡಿಗೆ ಸುರಿದ. ಅವಳು ಚೀರಾಡಲಿಲ್ಲ. "ಇಲ್ಲ ಸ್ವಾಮೀ, ಇಲ್ಲ ಸ್ವಾಮೀ" ಅಂತ ಎರಡೇ ಮಾತು. ಪಕ್ಕದಲ್ಲಿ ಸ್ಕೂಲು ಬ್ಯಾಗು ಹಾಕಿಕೊಂಡು ಮಗಳು ಮುನಿಲಕ್ಷ್ಮಿ ನಿಂತಿದ್ದಳು. ಒಂದು ವರ್ಷ ಅವಳ ಹಾಲು ತಗೋಬಾರದು ಅಂತಾಯಿತು. ಹಸು ಮಾರಿ ಕೋಲಾರದ ಟೊಮೆಟೊ ಮಂಡಿಗೆ ಹಣ್ಣು ಆರಿಸುವ ಕೂಲಿಗೆ ಹೋದಳು. ಊರಿಗೆ ಅವಳು ನೀರ್‌ಗಂಗಮ್ಮ ಆದಳು. ಮಗಳು ನೀರ್‌ಗಂಗಮ್ಮನ ಮಗಳು. ವರ್ಷ ಕಳೆದ ಮೇಲೆ ಇನ್ನೊಂದು ಹಸು ಕಟ್ಟಿ, ಮೊದಲ ದಿನ ಹಾಲು ತಂದವಳು ಕಿಟಕಿಯಲ್ಲಿ ನಿಂತು ಹೇಳಿದ್ದೇ, "ಗಟ್ಟಿಯಾಗಿ ಓದಪ್ಪಾ."

ಹನ್ನೊಂದೂವರೆಗೆ ಹಾಲ್‌ನಲ್ಲಿ ವ್ಯಾಯಾಮ ಮುಗಿದು ಹೆಂಗಸರು ನಗುತ್ತ ಚಾಪೆಯ ಮೇಲೆ ಕೂರುವ ಸದ್ದು ಕೇಳಿತು. ಶಾಮಲಮ್ಮನದು ಆಸ್ಪತ್ರೆಯ ಗಂಟಲು, ಅವಸರವಿಲ್ಲದ್ದು, ತೆಲುಗಿನ ಎಳೆತ ಇರುವಂಥದ್ದು. "ಒಂದೂರಲ್ಲಿ ಒಬ್ಬಳು ಹೆಂಗಸು" ಅಂತ ಶುರು ಮಾಡಿದಳು. "ಹದಿನೆಂಟು ವರ್ಷ ಬೆನ್ನು ಬಗ್ಗಿಹೋಗಿತ್ತು. ನೆಲ ಬಿಟ್ಟು ಬೇರೆ ಏನೂ ನೋಡಕ್ಕಾಗ್ತಿರ್ಲಿಲ್ಲ. ಆದ್ರೂ ವಾರ ವಾರ ದೇವರ ಮನೆಗೆ ಬರೋಳು, ಮೂಲೇಲಿ ಕೂರೋಳು. ಅವತ್ತು ಅವರಿಗೆ ಬಿಡುವಿನ ದಿನ, ಯಾರೂ ಕೆಲಸ ಮುಟ್ಟಬಾರದು. ಯೇಸು ಅಲ್ಲಿಗೆ ಬಂದಿದ್ದ. ಅವಳು ಏನೂ ಕೇಳ್ಲಿಲ್ಲ, ನೋಡ್ರಮ್ಮ. ಅವನೇ ಅವಳನ್ನ ನೋಡಿ, ಕರೆದು, ಬೆನ್ನು ಮುಟ್ಟಿದ. ನೆಟ್ಟಗೆ ನಿಂತ್ಕೊಂಡ್ಳು. ಆ ಜಾಗದ ಯಜಮಾನನಿಗೆ ಸಿಟ್ಟು ಬಂತು. ವಾರದಲ್ಲಿ ಆರು ದಿನ ಇಲ್ವಾ, ಆವಾಗ ಬಂದು ವಾಸಿ ಮಾಡಿಸ್ಕೊಳ್ಳಿ ಅಂದ. ಅದಕ್ಕೆ ಯೇಸು ಏನಂದ ಗೊತ್ತಾ? ಬಿಡುವಿನ ದಿನ ಅಂತ ನೀವು ಕೊಟ್ಟಿಗೇಲಿರೋ ದನದ ಕಣ್ಣಿ ಬಿಚ್ಚಿ ನೀರಿಗೆ ಹೊಡ್ಕೊಂಡ್ ಹೋಗಲ್ವಾ ಅಂದ." ಹೆಂಗಸರು ನಕ್ಕರು. "ಹಬ್ಬ ಅಂತ ಬಿಟ್ರೆ ಸತ್ತೇ ಹೋಗ್ತಾವೆ" ಅಂತ ಒಬ್ಬಳು. "ದನಕ್ಕೆ ಬಿಚ್ಚೋ ಕೈ ಮನುಷ್ಯರಿಗೆ ಬಿಚ್ಚಲ್ವಾ ಅಂತ ಕೇಳಿದ" ಅಂದಳು ಶಾಮಲಮ್ಮ. ಈ ಕಡೆ ಕದಿರೇಶ ಪೆನ್ನು ಕೆಳಗಿಟ್ಟ. ಶಾಮಲಮ್ಮ ಮುಂದುವರಿಸಿದಳು. "ಆಸ್ಪತ್ರೇಲಿ ಇದ್ದಾಗ ನಾನು ಈ ಕಥೆ ಬಹಳ ಸಲ ಓದಿದೀನಿ. ನನಗೆ ಯೇಸುಗಿಂತ ಜಾಸ್ತಿ ಯೋಚನೆ ಬರೋದು ಆ ಪಕ್ಕದಲ್ಲಿ ಕೂತಿದ್ದೋರ ಬಗ್ಗೆ. ಹದಿನೆಂಟು ವರ್ಷ ಕಣ್ಣ ಮುಂದೆ ಬಗ್ಗಿ ನಡೀತಿದ್ಳಲ್ಲ, ಒಬ್ಬರಾದ್ರೂ ಏನಮ್ಮಾ ಅಂದ್ರಾ? ಬೆನ್ನು ನೆಟ್ಟಗೆ ಮಾಡೋದು ನಮ್ಮ ಕೈಲಿಲ್ಲ. ಆದ್ರೆ ಕೆಲವು ಗಂಟು ನಾವೇ ಹಾಕಿರ್ತೀವಿ. ನಾವು ಹಾಕಿದ್ದನ್ನ ನಾವು ಬಿಚ್ಚಬಹುದಲ್ಲ."

ನನಗೇ ಹೇಳುತ್ತಿದ್ದಾಳೆ. ಕದಿರೇಶನಿಗೆ ಹಾಗೆನ್ನಿಸಿತು. ಗೋಡೆಯಾಚೆ ನಾನು ಕೂತಿರುವುದು ಇವಳಿಗೆ ಗೊತ್ತು. ಗಂಗಕ್ಕ ಎಲ್ಲ ಹೇಳಿದ್ದಾಳೆ, ಇವರಿಬ್ಬರೂ ಸೇರಿ ಈ ಕಥೆ ಆರಿಸಿದ್ದಾರೆ, ರಜನಿಯೂ ಇದರಲ್ಲಿದ್ದಾಳೆ. ಎದ್ದು ಬಾಗಿಲು ಬಡಿದು, ಹೊತ್ತಾಯಿತು, ಬೀಗ ಹಾಕಬೇಕು ಅನ್ನಲೇ ಎಂದುಕೊಂಡ. ಅಷ್ಟರಲ್ಲಿ ದೊಡ್ಡಗಂಗಮ್ಮನ ದನಿ ಕೇಳಿತು. ಅರ್ಧ ಎದ್ದವನು ಹಾಗೇ ನಿಂತ.

"ನಂದೊಂದಿದೆ ಸಿಸ್ಟರಮ್ಮಾ. ಯಾರ್ ಹತ್ರಾನೂ ಹೇಳಿಲ್ಲ" ಅಂದಳು. "ಆವತ್ತು ನೀರು ಹಾಕ್ದೆ ಅಂದ್ರಲ್ಲ. ನಾನು ಹಾಕಿಲ್ಲ ಅಂತಾನೇ ಅಂದೆ. ಆಮೇಲೆ ಯೋಚ್ನೆ ಮಾಡ್ತಾ ಮಾಡ್ತಾ ನನಗೇ ಅನುಮಾನ ಬಂತು. ಪಾತ್ರೆ ತೊಳ್ದಿದ್ದೆ. ಬೋರಲು ಹಾಕಿದ್ನಾ? ತಳದಲ್ಲಿ ನೀರು ಉಳ್ಕೊಂಡಿತ್ತಾ? ಹಿಂದಿನ ದಿನ ಮಗು ಏನಾದ್ರೂ ಒಂದು ಚೊಂಬು ಹುಯ್ದಿತ್ತಾ? ಒಂದಿನ ಅವಳನ್ನ ಹಿಡ್ಕೊಂಡು ಹೊಡ್ದೂಬಿಟ್ಟೆ, ನಿಜ ಹೇಳೇ ಅಂತ. ಹತ್ತು ವರ್ಷದಿಂದ ಹಾಲು ಕರೆಯೋಕೆ ಮುಂಚೆ ಪಾತ್ರೆ ಮೂರು ಸಲ ಒರೆಸ್ತೀನಿ. ಒರೆಸಿ ಬಿಸಿಲಿಗೆ ಹಿಡಿದು ನೋಡ್ತೀನಿ. ಆದ್ರೂ ಡೈರಿ ಹತ್ರ ಹೋಗೋವಾಗ ಇನ್ನೊಂದ್ಸಲ ಮುಚ್ಚಳ ತೆಗೀತೀನಿ. ಇವತ್ತೇನಾಗಿದ್ಯೋ ಅಂತ. ಕದಿರೇಶಪ್ಪ ಗಟ್ಟಿಯಾಗಿ ಓದಿದ್ಮೇಲೇನೇ ನನಗೆ ಉಸಿರು ಬರೋದು. ಪಾಪ, ಎರಡೆರಡು ಸಲ ಓದ್ತಾನೆ, ಒಂದಿನಾನೂ ಬೇಜಾರು ಮಾಡ್ಕೊಂಡಿಲ್ಲ." ಅದಕ್ಕೆ ರಜನಿಯ ದನಿ, ಮೆತ್ತಗೆ, ಒಳ್ಳೆಯ ಮನಸ್ಸಿನಿಂದ: "ಹೋಗ್ಲಿ ಬಿಡಕ್ಕ. ಗೊತ್ತಿಲ್ದೆ ಆಗಿದ್ದು ತಪ್ಪಲ್ಲ."

ಆಮೇಲೆ ಅವರೇನು ಮಾತಾಡಿದರೋ ಅವನಿಗೆ ಕೇಳಲಿಲ್ಲ. ಹತ್ತು ವರ್ಷ ಅವನು ಅವಳ ಮುಖದಲ್ಲಿ ಹುಡುಕಿದ್ದು ಹಗೆಯನ್ನು. ತುಟಿ ಅಲುಗಿದರೆ ವ್ಯಂಗ್ಯ, ಅಲುಗದಿದ್ದರೆ ಸಂಚು. ಅವಳು ಮಾತ್ರ ಅವನ ಬಾಯಿಂದ ಬರುವ ಆ ಒಂದು ಅಂಕಿಗಾಗಿ ಪ್ರಾಣ ಹಿಡಿದುಕೊಂಡು ನಿಲ್ಲುತ್ತಿದ್ದಳು. ಸುಳ್ಳು ಓದಿದ ಬಾಯಿಯೇ ದಿನಾ ಎರಡು ಹೊತ್ತು ಅವಳಿಗೆ ಉಸಿರು ಕೊಡುತ್ತಿತ್ತು. ಪಾಪ ಅಂದಳಲ್ಲ! ಅವಳು ಬೈದಿದ್ದರೆ, ಶಾಪ ಹಾಕಿದ್ದರೆ, ಅಧ್ಯಕ್ಷನ ಮುಂದೆ ದೂರು ಕೊಟ್ಟಿದ್ದರೆ ಅವನು ತಡೆದುಕೊಳ್ಳಬಲ್ಲವನಾಗಿದ್ದ. ಅದಕ್ಕೆ ಬೇಕಾದ ಉತ್ತರಗಳನ್ನೆಲ್ಲ ಎಂದೋ ಸಿದ್ಧಮಾಡಿ ಇಟ್ಟುಕೊಂಡಿದ್ದ. ಹೆಂಗಸರು ಹೊರಟ ಮೇಲೆ ಬೀಗದ ಕೈ ಕೊಡಲು ಶಾಮಲಮ್ಮ ಕೋಣೆಗೆ ಬಂದಳು. ಕನ್ನಡಕದ ಹಿಂದಿನ ಅವಳ ಕಣ್ಣುಗಳಲ್ಲಿ ಏನಾದರೂ ಇದೆಯೇ ಎಂದು ಅವನು ನೋಡಿದ. "ನಿಮಗೆ ಗೊತ್ತಿದ್ದೇ ಆ ಕಥೆ ಹೇಳಿದ್ರಾ?" ಅಂತ ಕೇಳಿಯೇಬಿಟ್ಟ. ಅವಳಿಗೆ ಅರ್ಥವಾಗಲಿಲ್ಲ. "ಏನು ಗೊತ್ತಿದ್ದು?" ಅಂದಳು. ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡ. ಅವಳು ಅವನ ಮುಖ ನೋಡಿ, "ಬೀಪಿ ನೋಡ್ಲಾ?" ಅಂದಳು. ಬೇಡವೆಂದ. ಅವಳು ಹೋದ ಮೇಲೂ, ಗೊತ್ತಿಲ್ಲದವಳ ಹಾಗೆ ನಟಿಸಿದಳೋ ಏನೋ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ಅಸಹ್ಯವಾಯಿತು.

ಸಂಜೆ ಹಾಲಿನ ಹೊತ್ತಿಗೆ ಕೋದಂಡರಾಮಪ್ಪ ಡೈರಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಇವತ್ತು ಬೇಡ, ಅಧ್ಯಕ್ಷನಿಲ್ಲದ ದಿನ ನೋಡಿಕೊಂಡು, ಅವಳ ಮನೆಗೇ ಹೋಗಿ ಹೇಳಿದರಾಯಿತು ಅಂತ ಕದಿರೇಶ ಅಂದುಕೊಂಡ. ಮನೆಯಲ್ಲಿ ಹೇಳಿದರೆ ಕೇಳುವವಳು ಅವಳೊಬ್ಬಳು. ಅವಳ ಹಾಲನ್ನು ಚರಂಡಿಗೆ ಸುರಿದದ್ದು ಎಲ್ಲರೆದುರಿಗೆ. ಯೋಚಿಸುತ್ತಿದ್ದಂತೆ ಸರದಿ ಬಂದೇಬಿಟ್ಟಿತು. ಚೀಟಿ ಹೊರಬಂತು. "ಗಟ್ಟಿಯಾಗಿ ಓದಪ್ಪಾ." ಅವನು ಚೀಟಿ ಓದಲಿಲ್ಲ. "ಗಂಗಕ್ಕಾ," ಅಂದ. ಚೀಟಿ ಕೆಳಗಿಟ್ಟ. ಮತ್ತೆ ಅಂದ, "ಗಂಗಕ್ಕಾ, ಆವತ್ತು ಇಪ್ಪತ್ತೆಂಟಿತ್ತು. ನಾನು ಸುಳ್ಳು ಹೇಳ್ದೆ. ಕ್ಯಾನಿಗೆ ನೀರು ಹಾಕಿದ್ದು ನಾನು. ಹಾಲು ಚೆಲ್ಲಿಬಿಟ್ಟಿದ್ದೆ, ಹೆದರಿಕೊಂಡು ಹಾಕ್ದೆ. ಮಾರನೇ ದಿನ ನಿನ್ನ ಹೆಸರು ಹೇಳ್ದೆ." ಸಾಲಿನಲ್ಲಿ ಯಾರೋ "ಏನಂತೆ, ಏನಂತೆ" ಅಂದರು. ಹಿಂದಿನವರಿಗೆ ಕೇಳಿಸಿಲ್ಲವೆಂದು ಕದಿರೇಶ ಬಾಗಿಲು ದಾಟಿ ಹೊರಗೆ ಬಂದು, ಕಟ್ಟೆಯ ಪಕ್ಕ ನಿಂತು, ಅದನ್ನೇ ಇನ್ನೊಮ್ಮೆ ಹೇಳಿದ. ಹೇಳುವಾಗ ತನ್ನ ದನಿ ಚೀಟಿ ಓದುವ ದನಿಯಂತೆಯೇ ಇದೆಯಲ್ಲ ಅನ್ನಿಸಿತು.

ಕೋದಂಡರಾಮಪ್ಪ ಬೀಡಿ ಎಸೆದು ಎದ್ದ. "ಏನ್ಲಾ ಇದು? ಆ ನರ್ಸಮ್ಮ ಏನ್ ಕುಡಿಸಿದ್ಲೋ ನಿಂಗೆ?"

"ಅವರದೇನೂ ಇಲ್ಲ. ನಾನೇ ಹೇಳ್ತಿರೋದು."

"ಡೈರಿ ಮಾನ ಕಳೀತೀಯ? ಮೀಟಿಂಗ್ ಕರೆಯೋವರೆಗೂ ಬೀಗದ ಕೈ ಇಲ್ಲಿಡು."

ಕದಿರೇಶ ಬೀಗದ ಕೈ ಇಟ್ಟ. ದೊಡ್ಡಗಂಗಮ್ಮ ಇನ್ನೂ ಕಿಟಕಿಯ ಹತ್ತಿರವೇ ನಿಂತಿದ್ದಳು, ಖಾಲಿ ಕ್ಯಾನನ್ನು ಹೊಟ್ಟೆಗೆ ಒತ್ತಿಕೊಂಡು. ಅಳುತ್ತಾಳೆ, ಇಲ್ಲವೇ ಕ್ಯಾನಿನಿಂದಲೇ ಬಡಿಯುತ್ತಾಳೆ ಅಂದುಕೊಂಡಿದ್ದ. ಅವಳು ಹತ್ತಿರ ಬಂದು, ಗುಟ್ಟು ಕೇಳುವವಳ ಹಾಗೆ ಕೇಳಿದಳು, "ಹಂಗಾದ್ರೆ ಪಾತ್ರೇಲಿ ನೀರು ಇರ್ಲಿಲ್ವಾ?"

"ಇರ್ಲಿಲ್ಲಕ್ಕಾ."

"ಒಂದು ತೊಟ್ಟೂ?"

"ಒಂದು ತೊಟ್ಟೂ ಇರ್ಲಿಲ್ಲ."

ಅವಳು ತಲೆಯಾಡಿಸಿದಳು. ನಾಲ್ಕು ಹೆಜ್ಜೆ ಹೋದವಳು ಅಲ್ಲೇ ನಿಂತು, ಅವನ ಕಡೆ ತಿರುಗದೆ, "ನಾಳೆ ಬೈರಕೂರಿಗೆ ನನ್ನ ಜೊತೆ ಬರ್ಬೇಕು ನೀನು. ನಮ್ಮಣ್ಣ ಆವತ್ತಿಂದ ನನ್ನ ಹೊಸಲು ತುಳಿದಿಲ್ಲ. ಅವನ ಮುಂದೇನೂ ಹೇಳು" ಅಂದಳು.

ಮನೆಯಲ್ಲಿ ರಜನಿ ಅವನಿಗೆ ಮುದ್ದೆ ಬಡಿಸಿ ದೂರ ಗೋಡೆಗೊರಗಿ ಕೂತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು. ಕೆಲಸ ಹೋಗುತ್ತದೆ ಅಂತ ಅಳುತ್ತಾಳೇನೋ ಎಂದು ಅವನು ಕಾದ. ಅವಳು ಅಂದದ್ದು ಬೇರೆ. "ಬೆಳಿಗ್ಗೆ ಅವಳಿಗೆ ನಾನೇ ಸಮಾಧಾನ ಹೇಳ್ದೆ. ಗೊತ್ತಿಲ್ದೆ ಆಗಿದ್ದು ತಪ್ಪಲ್ಲ ಅಂದೆ. ನನ್ನ ಬಾಯಲ್ಲಿ ಆ ಮಾತು ಆಡ್ಸಿದ್ರಲ್ಲ ನೀವು." ಗೋಡೆಯ ಈಚೆ ಕೂತು ತಾನೂ ಆ ಮಾತು ಕೇಳಿಸಿಕೊಂಡದ್ದನ್ನು ಅವನು ಅವಳಿಗೆ ಹೇಳಲಿಲ್ಲ. ಹೇಳಬೇಕಾದದ್ದು ಇನ್ನೂ ಒಂದು ಉಳಿದುಕೊಂಡಿತು.

ಮಾರನೆಯ ದಿನ ಕೋಲಾರಕ್ಕೆ ಬಂದು, ಅಲ್ಲಿಂದ ಮುಳಬಾಗಿಲಿಗೆ, ಅಲ್ಲಿಂದ ಬೈರಕೂರಿಗೆ, ಮೂರು ಬಸ್ಸು ಹತ್ತಿ ಇಳಿಯುವವರೆಗೂ ದೊಡ್ಡಗಂಗಮ್ಮ ಅವನ ಜೊತೆ ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತ ಅವಳ ತುರುಬು, ಕತ್ತಿನ ಹಿಂದಿನ ಬಿಳಿ ಕೂದಲು, ಇವುಗಳನ್ನೇ ನೋಡುತ್ತ ಅವನು ಕೂತಿದ್ದ. ಅಣ್ಣ ಮುಂಗೋಪಿಯಾಗಿರಬಹುದು. ಮಕ್ಕಳಿರಬಹುದು, ಕೈಕಾಲು ಕಟ್ಟಿ ಹಾಕಬಹುದು. ಅದಕ್ಕೇ ಕರೆದೊಯ್ಯುತ್ತಿದ್ದಾಳೋ ಏನೋ. ಅನುಮಾನ ಅಭ್ಯಾಸದಿಂದ ಎದ್ದುಬರುತ್ತಿತ್ತು. ಒಂದು ಕಡೆ, ಹೊಡೆದರೆ ಹೊಡೆಯಲಿ, ಹೊಡೆದರೆ ಮುಗಿಯುತ್ತದಲ್ಲ ಅನ್ನಿಸಿತು. ಕೂಡಲೇ, ನೀನು ಹೇಳಿದ್ದು ಅವಳ ಭಾರ ಇಳಿಯಲಿ ಅಂತಲೋ ನಿನ್ನದು ಇಳಿಯಲಿ ಅಂತಲೋ ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ನಿನ್ನೆ ಕಟ್ಟೆಯ ಪಕ್ಕ ನಿಂತು ಎರಡನೆಯ ಸಲ ಹೇಳುವಾಗ ಎದೆ ಹಗುರವಾಗಿದ್ದು ನಿಜ. ಆ ಹಗುರ ಈಗ ಅವನಿಗೆ ಕದ್ದ ವಸ್ತುವಿನಂತೆ ಕಂಡಿತು.

ಅಣ್ಣ ಆಂಜಿನಪ್ಪ ತೋಟದಲ್ಲಿದ್ದ. ಮಾವಿನ ಕಾಲ. ಗಿಡಗಳ ನೆರಳಿನಲ್ಲಿ ತೋತಾಪುರಿ ರಾಶಿ ಹಾಕಿ, ಡಾಗು ಬಿದ್ದದ್ದನ್ನು ಬೇರೆ ಮಾಡುತ್ತಿದ್ದ. ಎಪ್ಪತ್ತರ ಮುದುಕ. ತಂಗಿಯನ್ನು ಕಂಡು ಮಂಡಿಗೆ ಕೈ ಕೊಟ್ಟು ಎದ್ದ, ಆದರೆ ಮುಂದೆ ಬರಲಿಲ್ಲ. "ಅಣ್ಣಾ, ಇವನು ನಮ್ಮೂರ ಡೈರಿ ಸೆಕ್ರೆಟ್ರಿ. ಏನೋ ಹೇಳ್ಬೇಕಂತೆ, ಕೇಳು" ಅಂದಳು. ಕದಿರೇಶ ಹೇಳಿದ. ಮೂರನೆಯ ಸಲ ಹೇಳುತ್ತಿದ್ದರೂ ಇಲ್ಲಿ ಮಾತು ಸುಲಭವಾಗಲಿಲ್ಲ. ಮುದುಕ ಕೈಯಲ್ಲಿದ್ದ ಹಣ್ಣನ್ನು ತಿರುಗಿಸುತ್ತ ನೆಲ ನೋಡುತ್ತಿದ್ದ. ಕೊನೆಗೆ ತಂಗಿಯ ಕಡೆ ನೋಡಿ, ಅವರ ಮನೆಮಾತಾದ ತೆಲುಗಿನಲ್ಲಿ, "ನಾಕು ತೆಲುಸು" ಅಂದ. ನನಗೆ ಗೊತ್ತು.

"ಏನ್ ಗೊತ್ತು?"

"ನೀನು ಹಾಕಿಲ್ಲ ಅಂತ. ನಮ್ಮಮ್ಮನ ಕೈಯಲ್ಲಿ ಬೆಳೆದೋಳು ನೀನು. ಹಾಲಿಗೆ ನೀರು ಅಂದ್ರೆ ಅವಳು ಕೈಗೆ ಬರೆ ಹಾಕೋಳು. ಸುದ್ದಿ ಬಂದ ದಿನಾನೇ ನನಗೆ ಗೊತ್ತಿತ್ತು."

"ಮತ್ತೆ ಯಾಕಣ್ಣಾ ಬರ್ಲಿಲ್ಲ?"

"ಬಂದು ಏನಂತ ಜಗಳ ಆಡ್ಲಿ? ಅವರ ಊರು, ಅವರ ಡೈರಿ. ನಾಲ್ಕು ಜನ ಸೇರಿ ನನ್ನನ್ನೂ ನಾಲ್ಕು ಮಾತಂದ್ರೆ? ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ವರ್ಷ ಆಗೋಯ್ತು. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ ಹೇಳು?"

ದೊಡ್ಡಗಂಗಮ್ಮ ಅಣ್ಣನನ್ನು ನೋಡಿದಳು, ಕದಿರೇಶನನ್ನು ನೋಡಿದಳು. "ಇವನಿಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು" ಅಂದಳು. "ನನಗೊಬ್ಬಳಿಗೆ ಗೊತ್ತಿರ್ಲಿಲ್ಲ." ಆ ಮಾತು ಅವಳ ಬಾಯಿಂದ ಹೊರಬಂದ ಮೇಲೆ ಅದರ ಅರ್ಥ ಅವಳಿಗೆ ಮುಟ್ಟಿತೋ ಏನೋ, ರಾಶಿಯ ಪಕ್ಕದಲ್ಲಿ ಕುಸಿದು ಕೂತು, ಬಾಯಿ ತೆರೆದು, ಸತ್ತವರ ಮನೆಯಲ್ಲಿ ಅಳುವಂತೆ ಅತ್ತಳು. ತೋಟದಾಚೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಇಬ್ಬರು ಗಂಡಸರೂ ಅವಳ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಅಳು ನಿಂತ ಮೇಲೆ ಅವಳೇ ಮುಖ ಒರೆಸಿಕೊಂಡು ಎದ್ದು, ಅಣ್ಣನ ಎದೆಗೆ ಎರಡೂ ಕೈಯಿಂದ ಒಂದೇ ಸಲ ಗುದ್ದಿದಳು. ಮುದುಕ ಹಿಂದಕ್ಕೆ ವಾಲಿದವನು ಅವಳ ಕೈ ಹಿಡಿದುಕೊಂಡು ಸುಧಾರಿಸಿಕೊಂಡ, ಆಮೇಲೆ ಬಿಡಲಿಲ್ಲ. ಊಟಕ್ಕೆ ಕರೆದರು. ಕದಿರೇಶನಿಗೂ ಎಲೆ ಹಾಕಿದರು. ಏಳು ಅಂತ ಯಾರೂ ಅನ್ನಲಿಲ್ಲ, ಇನ್ನೊಂಚೂರು ಹಾಕಿಸಿಕೋ ಅಂತಲೂ ಅನ್ನಲಿಲ್ಲ.

ಮುಳಬಾಗಿಲಿನ ಬಸ್ ಸ್ಟ್ಯಾಂಡಿಗೆ ಬರುವಾಗ ಮೂರು ಗಂಟೆ. ಕೋಲಾರದ ಬಸ್ಸಿನ ಕಡೆ ಅವನು ತಿರುಗಿದರೆ ಅವಳು ಶ್ರೀನಿವಾಸಪುರದ ಬಸ್ಸಿನ ಕಡೆ ನಡೆದಳು. ಮಗಳು ಮುನಿಲಕ್ಷ್ಮಿಯನ್ನು ಮದುವೆ ಮಾಡಿ ಕೊಟ್ಟಿರುವುದು ಅಲ್ಲಿಗೆ. ಕದಿರೇಶ ಹಿಂದೆಯೇ ಹೋಗಿ ಮೆಟ್ಟಿಲಿಗೆ ಕಾಲಿಟ್ಟ. ಅವಳು ಬಾಗಿಲ ಕಂಬಿಗೆ ಕೈ ಅಡ್ಡ ಹಿಡಿದಳು.

"ನೀನು ಬೇಡ. ಮಗಳಿಗೆ ನಾನೇ ಹೇಳ್ತೀನಿ. ಅವಳನ್ನ ಹೊಡ್ದಿದ್ದು ನಾನು."

"ಏನಂತ ಹೇಳ್ತೀಯಕ್ಕಾ?"

ಅವಳು ಅವನ ಮುಖವನ್ನು ದಿಟ್ಟಿಸಿದಳು. ಇಷ್ಟು ವರ್ಷ ಅವನು ಅವಳನ್ನು ನೋಡುತ್ತಿದ್ದ ಹಾಗೆ, ರೆಪ್ಪೆ ಹೊಡೆಯದೆ, ಏನೋ ಹುಡುಕುವ ಹಾಗೆ.

"ನಿನ್ನ ಹೆಸರು ಹೇಳ್ತೀನೋ ಇಲ್ವೋ ಅಂತ ಅಲ್ವಾ ನಿನ್ನ ಯೋಚ್ನೆ?" ಅಂದಳು. "ಹೇಳ್ತೀನಿ ಕಣಪ್ಪಾ."

ಕಂಡಕ್ಟರು ರೈಟ್ ಅಂದ. ಅವನು ಮೆಟ್ಟಿಲಿನಿಂದ ಕಾಲು ತೆಗೆದ. ಅವಳು ಒಳಗೆ ಹೋಗಿ ಕಿಟಕಿ ಪಕ್ಕ ಜಾಗ ಹಿಡಿದಳು. ಬಸ್ಸು ಇನ್ನೂ ಸ್ಟ್ಯಾಂಡಿನ ಗುಂಡಿಗಳಲ್ಲಿ ಓಲಾಡುತ್ತ ಹಿಂದಕ್ಕೆ ಸರಿಯುತ್ತಿರುವಾಗಲೇ, ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಯಾವುದೋ ಹೆಂಗಸಿನ ಕಡೆ ತಿರುಗಿ, ಕೈ ಆಡಿಸುತ್ತ ಏನೋ ಹೇಳತೊಡಗಿದ್ದಳು. ಆ ಹೆಂಗಸು ಅವಳ ಭುಜದ ಮೇಲಿಂದ ಕತ್ತು ಚಾಚಿ ಹೊರಗೆ, ಅವನ ಕಡೆ ನೋಡಿದಳು. ಕದಿರೇಶ ಅಲ್ಲಿಂದ ಸರಿಯಲಿಲ್ಲ. ಬಸ್ಸು ತಿರುಗಿ ರಸ್ತೆಗೆ ಬೀಳುವವರೆಗೂ ಆ ಹೆಂಗಸಿಗೆ ಕಾಣುವಂತೆ ಬಿಸಿಲಿನಲ್ಲೇ ನಿಂತಿದ್ದ.